ಗಿಲ್ಡಿಗೆ ಬರುವ ಅರ್ಜಿಗಳು ಎಲ್ಲರಿಗೂ ಕಾಣ್ತಾ ಉಂಟು, ಆಫೀಸರ್‌ಗಳಿಗೆ ಮಾತ್ರ ಕಾಣುವ ಹಾಗೆ ಮಾಡುವುದು ಹೇಗೆ?

ಕುಂಬ್ಳೆಕೋಟೆ:

ನಮ್ಮದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವ ಗಿಲ್ಡ್, ಅಂದರೆ ಆಟಗಾರರ ತಂಡ. ಮಂಜೇಶ್ವರದಿಂದ ಕಾಸರಗೋಡಿನವರೆಗಿನವರು ಹೆಚ್ಚು, ಮಂಗಳೂರಿನವರು ಕೆಲವರು, ಗಲ್ಫಿನಲ್ಲಿರುವವರು ನಾಲ್ಕೈದು ಜನ. ಮಿಥಿಕ್ ರೈಡಿಗೆ (ಆಟದ ಅತಿ ಕಠಿಣ ಗುಂಪು ಹೋರಾಟ) 20 ಜನ ಬೇಕೇ ಬೇಕು, ಹಾಗಾಗಿ ವರ್ಷವಿಡೀ ಹೊಸಬರ ಅರ್ಜಿ ಬರ್ತಾ ಇರ್ತದೆ.

ಸೈಟ್ ಮೈಬಿಬಿ 1.8 ಎಂಬ ಫೋರಮ್ ತಂತ್ರಾಂಶದಲ್ಲಿ ಉಂಟು. 'ಅರ್ಜಿಗಳು' ಅಂತ ಒಂದು ವಿಭಾಗ. ಸೇರಬೇಕು ಅನ್ನುವವರು ಖಾತೆ ತೆರೆದು ಅಲ್ಲಿ ಒಂದು ಥ್ರೆಡ್ ಹಾಕ್ತಾರೆ. ಈಗಿನ ನಮೂನೆಯಲ್ಲಿ ಕೇಳುವುದು ಇಷ್ಟು: ಪೂರ್ತಿ ಹೆಸರು, ಮನೆ ಹೆಸರು, ಊರು, ಹುಟ್ಟಿದ ತಾರೀಕು, ಫೋನ್ ನಂಬರ್, ಕ್ಲಾಸ್ ಮತ್ತು ಸ್ಪೆಕ್ (ಪಾತ್ರದ ಬಗೆ ಮತ್ತು ಅದರ ಪರಿಣತಿ), ಲಾಗ್ಸ್ (ಹಿಂದಿನ ರೈಡುಗಳ ದಾಖಲೆ) ಲಿಂಕ್, ಆಟದ ಪರದೆಯ ಸ್ಕ್ರೀನ್‌ಶಾಟ್, ಈಗ ಇರುವ ಗಿಲ್ಡ್, ಅದನ್ನು ಬಿಡಲು ಕಾರಣ.

ತೊಂದರೆ ಎಂತ ಅಂದ್ರೆ, ಲಾಗಿನ್ ಆಗದವರಿಗೂ ಇದೆಲ್ಲ ಕಾಣ್ತದೆ. ನನಗೆ ಬೇಕಾದ್ದು ಮೂರು. ಅರ್ಜಿ ಹಾಕಿದವರಿಗೆ ಅವರವರ ಅರ್ಜಿ ಮಾತ್ರ ಕಾಣಬೇಕು. ಆರು ಜನ ಆಫೀಸರ್‌ಗಳಿಗೆ (ಗಿಲ್ಡ್ ನಡೆಸುವವರು) ಎಲ್ಲವೂ ಕಾಣಬೇಕು. ಉಳಿದ ಸದಸ್ಯರಿಗೆ ಏನೂ ಕಾಣಬಾರದು. ಪ್ಲಗಿನ್ (ಹೊರಗಿನ ಸೇರ್ಪಡೆ) ಹಾಕದೆ ಆಗ್ತದಾ?

ಸರ್ವರ್‌ಮೂಲೆ:

ಆಗ್ತದೆ, ಮೈಬಿಬಿಯಲ್ಲೇ ಉಂಟು. ಅಡ್ಮಿನ್ ಸಿಪಿಯಲ್ಲಿ (ಸೈಟ್ ನಡೆಸುವವರ ನಿಯಂತ್ರಣ ಪುಟ) 'ಫೋರಮ್ಸ್ ಅಂಡ್ ಪೋಸ್ಟ್ಸ್' ಒಳಗೆ 'ಫೋರಮ್ ಮ್ಯಾನೇಜ್‌ಮೆಂಟ್' ತೆರೆದು, ಅರ್ಜಿ ವಿಭಾಗದ ಹೆಸರು ಒತ್ತಿ, 'ಪರ್ಮಿಶನ್ಸ್' ಟ್ಯಾಬಿಗೆ ಹೋಗಿ. ಅಲ್ಲಿ ಒಂದೊಂದು ಗುಂಪಿಗೂ 'ಸೆಟ್ ಕಸ್ಟಮ್ ಪರ್ಮಿಶನ್ಸ್' ಅಂತ ಇರ್ತದೆ.

ಮೊದಲು 'ಗೆಸ್ಟ್ಸ್'. ಎಲ್ಲ ಟಿಕ್ ತೆಗೆಯಿರಿ, 'ಕ್ಯಾನ್ ವ್ಯೂ ಫೋರಮ್' ಕೂಡ. ಖಾತೆ ಇಲ್ಲದವರೂ ಅರ್ಜಿ ಹಾಕಲಿ ಅಂತ ಅತಿಥಿಗಳಿಗೆ ಪೋಸ್ಟ್ ಮಾಡಲು ಬಿಡುವ ಆಸೆ ಬರಬಹುದು, ಬಿಡಬೇಡಿ. ಅತಿಥಿಗಳಿಗೆಲ್ಲ ಬಳಕೆದಾರ ಸಂಖ್ಯೆ ಸೊನ್ನೆ. 'ತನ್ನದು ಮಾತ್ರ' ಅನ್ನುವ ಲೆಕ್ಕ ಒಬ್ಬ ಅತಿಥಿಯನ್ನು ಇನ್ನೊಬ್ಬನಿಂದ ಬೇರೆ ಮಾಡುವಂಥದ್ದಲ್ಲ. 'ಅವೇಟಿಂಗ್ ಆಕ್ಟಿವೇಶನ್' ಗುಂಪಿಗೂ ಹೀಗೆಯೇ ಪೂರ್ತಿ ಮುಚ್ಚಿ.

ಆಮೇಲೆ 'ರಿಜಿಸ್ಟರ್ಡ್'. ಇಲ್ಲಿ ವಿಭಾಗ ನೋಡಬಹುದು, ಥ್ರೆಡ್ ನೋಡಬಹುದು, ಹೊಸ ಥ್ರೆಡ್ ಹಾಕಬಹುದು, ಉತ್ತರಿಸಬಹುದು ಎಂಬ ನಾಲ್ಕೂ ಇರಲಿ. ಜೊತೆಗೆ 'ಕ್ಯಾನ್ ಓನ್ಲಿ ವ್ಯೂ ಓನ್ ಥ್ರೆಡ್ಸ್' ಮತ್ತು 'ಕ್ಯಾನ್ ಓನ್ಲಿ ರಿಪ್ಲೈ ಓನ್ ಥ್ರೆಡ್ಸ್' ಎರಡಕ್ಕೂ ಟಿಕ್ ಹಾಕಿ. ನಿಮ್ಮ ಗಿಲ್ಡಿನ ಸಾಮಾನ್ಯ ಸದಸ್ಯರಿಗೆ ಬೇರೆ ಗುಂಪು ಇದ್ದರೆ ಆ ಗುಂಪಿಗೂ ಇದನ್ನೇ ಮಾಡಬೇಕು. ಹೆಚ್ಚಿನ ಕಡೆ ಸೋರುವುದು ಇಲ್ಲಿಯೇ: 'ರಿಜಿಸ್ಟರ್ಡ್' ಸರಿ ಮಾಡ್ತಾರೆ, 'ಸದಸ್ಯರು' ಗುಂಪನ್ನು ಮರೆತುಬಿಡ್ತಾರೆ. ಮೈಬಿಬಿಯಲ್ಲಿ ಒಬ್ಬನೇ ಎರಡು ಗುಂಪಿನಲ್ಲಿದ್ದರೆ ಸಡಿಲ ಇರುವ ಗುಂಪೇ ಗೆಲ್ಲುವುದು. 'ಸದಸ್ಯರು' ಗುಂಪಿಗೆ ನಿರ್ಬಂಧ ಇಲ್ಲದಿದ್ದರೆ ಆ ಗುಂಪಿನವರೆಲ್ಲರಿಗೂ ಎಲ್ಲ ಅರ್ಜಿಯೂ ಕಾಣ್ತದೆ.

ಅದೇ ಗುಣ ಆಫೀಸರ್‌ಗಳ ವಿಷಯದಲ್ಲಿ ಅನುಕೂಲ. 'ಆಫೀಸರ್ಸ್' ಅಂತ ಒಂದು ಹೆಚ್ಚುವರಿ ಗುಂಪು ಮಾಡಿ, ಅದಕ್ಕೆ ಈ ವಿಭಾಗದಲ್ಲಿ ಆ ಎರಡು 'ಓನ್ಲಿ' ಟಿಕ್ ಇಲ್ಲದ ಅನುಮತಿ ಕೊಡಿ, ಆರು ಜನರನ್ನು ಸೇರಿಸಿ. ಅವರನ್ನು ಮಾಡರೇಟರ್ ಮಾಡುವ ಅಗತ್ಯವೇ ಇಲ್ಲ. ಮಾಡರೇಟರ್ ಆದವನಿಗೆ ಅರ್ಜಿದಾರನ ಐಪಿ ವಿಳಾಸವೂ ಕಾಣ್ತದೆ, ಅರ್ಜಿ ಓದುವವನಿಗೆ ಅದು ಯಾಕೆ?

ಇನ್ನು ಪರೀಕ್ಷೆ. ಅಡ್ಮಿನ್ ಖಾತೆಯಿಂದ ನೋಡಿ 'ಸರಿ ಉಂಟು' ಅಂದುಕೊಂಡರೆ ಏನೂ ಗೊತ್ತಾಗುವುದಿಲ್ಲ, ಅಡ್ಮಿನ್‌ಗೆ ಎಲ್ಲವೂ ಕಾಣ್ತದಲ್ಲ. ಎರಡು ಸುಳ್ಳು ಖಾತೆ ಮಾಡಿ, ಒಂದರಿಂದ ಅರ್ಜಿ ಹಾಕಿ. ಆ ಥ್ರೆಡ್ಡಿನ ಪೂರ್ತಿ ವಿಳಾಸ ನಕಲು ಮಾಡಿ ಇನ್ನೊಂದು ಖಾತೆಯಲ್ಲಿ ನೇರ ಅಂಟಿಸಿ ನೋಡಿ. ಪಟ್ಟಿಯಲ್ಲಿ ಕಾಣದಿದ್ದರೆ ಸಾಲದು. ಥ್ರೆಡ್ ಸಂಖ್ಯೆಗಳು ಸಾಲಾಗಿ ಇರ್ತವೆ, 412 ನನ್ನದಾದರೆ 411 ಯಾರದ್ದೋ ಅಂತ ಯಾರಾದರೂ ಒತ್ತಿ ನೋಡ್ತಾರೆ. ಆಮೇಲೆ ಲಾಗಿನ್ ಇಲ್ಲದ ಖಾಸಗಿ ಕಿಟಕಿಯಲ್ಲಿ, ಸಾಮಾನ್ಯ ಸದಸ್ಯನ ಖಾತೆಯಲ್ಲಿ ಅದನ್ನೇ ಮಾಡಿ. ಹುಡುಕಾಟ, ಆರ್‌ಎಸ್‌ಎಸ್ ಫೀಡ್ (ಹೊಸ ಪೋಸ್ಟ್‌ಗಳ ಪಟ್ಟಿ), ಅರ್ಜಿದಾರನ ಪ್ರೊಫೈಲಿನ 'ಎಲ್ಲ ಪೋಸ್ಟ್‌ಗಳು' ಕೊಂಡಿ, ಇವನ್ನೂ ಬಿಡಬೇಡಿ.

ಪೆರ್ಲದ_ಹೀಲರ್:

ಮೇಲಿನವರು ಬಾಗಿಲಿನ ಬೀಗ ಹೇಳಿದ್ದಾರೆ. ನಾನು ಒಳಗಿನ ಸಾಮಾನಿನ ಬಗ್ಗೆ ಹೇಳ್ತೇನೆ, ಯಾಕಂದ್ರೆ ನಿಮ್ಮ ನಮೂನೆ ನೋಡಿದರೆ ಅದು ಗಿಲ್ಡಿನ ಅರ್ಜಿಯ ಹಾಗಿಲ್ಲ, ಪಂಚಾಯತ್ ಆಫೀಸಿನ ಅರ್ಜಿಯ ಹಾಗೆ ಉಂಟು ಮಾರಾಯ್ರೆ.

ಮನೆ ಹೆಸರು ಯಾಕೆ? ನಮ್ಮಲ್ಲಿ ಶಾಲೆಯಿಂದ ಅಕ್ಷಯ ಕೇಂದ್ರದವರೆಗೆ ಎಲ್ಲ ಕಡೆ ಬರೆದು ಬರೆದು ಅಭ್ಯಾಸ ಆಗಿಬಿಟ್ಟಿದೆ, ಹಾಗಾಗಿ ನಮೂನೆ ಮಾಡುವವರು ಯೋಚಿಸದೆ ಹಾಕ್ತಾರೆ. ಬೆಂಗಳೂರಿನಲ್ಲಿ ಒಂದು ಹೆಸರು, ಒಂದು ಬಡಾವಣೆ ಹೇಳಿದರೆ ಯಾರೂ ಸಿಗುವುದಿಲ್ಲ. ಇಲ್ಲಿ ಮನೆ ಹೆಸರು ಮತ್ತು ಊರು ಎರಡು ಇದ್ದರೆ ಬಸ್ ಸ್ಟ್ಯಾಂಡಿನ ಅಂಗಡಿಯವನೇ ಗೇಟಿನ ತನಕ ದಾರಿ ಹೇಳ್ತಾನೆ. ಪೂರ್ತಿ ಹೆಸರು ಬೇಡವೇ ಬೇಡ. ರೈಡಿನಲ್ಲಿ ಕರೆಯಲಿಕ್ಕೆ ಒಂದು ಹೆಸರು ಸಾಕು, ಕ್ಯಾರೆಕ್ಟರ್ ಹೆಸರಾದರೂ ಆದೀತು.

ಹುಟ್ಟಿದ ತಾರೀಕಿನ ಬದಲು '18 ತುಂಬಿದೆಯೇ, ಹೌದು ಅಥವಾ ಇಲ್ಲ'. ಅಷ್ಟೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ತಗೊಳ್ಳಲಿಕ್ಕೆ ತಂದೆ ತಾಯಿಯ ಖಚಿತಪಡಿಸಬಹುದಾದ ಒಪ್ಪಿಗೆ ಬೇಕು ಅಂತ ಉಂಟು. ಗೆಳೆಯರು ಕೂಡಿ ಆಡುವ ಗುಂಪಿಗೆ ಆ ಕಾಯ್ದೆ ಎಷ್ಟು ತಾಗ್ತದೆ ಅನ್ನುವುದು ವಕೀಲರ ಚರ್ಚೆ, ಆದರೆ ಹತ್ತನೇ ಕ್ಲಾಸಿನ ಹುಡುಗಿಯ ಫೋನ್ ನಂಬರ್ ನಿಮ್ಮ ಡೇಟಾಬೇಸಿನಲ್ಲಿ ಇರಬಾರದು ಅನ್ನಲಿಕ್ಕೆ ಕಾಯ್ದೆ ಓದಬೇಕಾಗಿಲ್ಲ. ವಯಸ್ಸು ರುಜುವಾತಿಗೆ ಆಧಾರ್ ಪ್ರತಿ ಕೇಳುವ ಗಿಲ್ಡುಗಳೂ ಉಂಟು. ದಯವಿಟ್ಟು ಆ ಕಡೆ ಹೋಗಬೇಡಿ. ಯಾರಾದರೂ ತಾವಾಗಿ ಹಾಕಿದರೆ ಅವತ್ತೇ ಅಳಿಸಿ.

ಫೋನ್ ನಂಬರ್ ಬೇಡ. ಸಂಪರ್ಕಕ್ಕೆ ಡಿಸ್ಕಾರ್ಡ್ (ಆಟಗಾರರ ಚಾಟ್ ಆಪ್) ಹೆಸರು ಉಂಟಲ್ಲ. ರೈಡಿನ ಸಮಯಕ್ಕೆ ಸಿಗ್ತಾರಾ ಅಂತ ಕೇಳುವಾಗಲೂ 'ನಿಮ್ಮ ಕೆಲಸ, ಶಿಫ್ಟ್ ಏನು' ಅಂತ ಕೇಳಬೇಡಿ. 'ಬುಧ, ಶುಕ್ರ, ಭಾನುವಾರ ರಾತ್ರಿ 9ರಿಂದ 12 ಆಗ್ತದಾ' ಅಂತ ಕೇಳಿದರೆ ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಬರ್ತದೆ. ಖಾಲಿ ಜಾಗ ಕೊಟ್ಟರೆ ಜನ ಯಾವ ಆಸ್ಪತ್ರೆಯಲ್ಲಿ ಡ್ಯೂಟಿ, ಯಾವ ದಿನ ಮನೆಯಲ್ಲಿ ಯಾರೂ ಇಲ್ಲ, ಎಲ್ಲ ಬರೀತಾರೆ.

ಎಲ್ಲಕ್ಕಿಂತ ಸೂಕ್ಷ್ಮ ನಿಮ್ಮ ಕೊನೆಯ ಎರಡು ಪ್ರಶ್ನೆ. ಈಗ ಇರುವ ಗಿಲ್ಡ್, ಬಿಡಲು ಕಾರಣ. ಅರ್ಜಿದಾರನಿಗೆ ನಿಜವಾದ ಹೆದರಿಕೆ ಯಾವುದೋ ಹ್ಯಾಕರ್‌ನದ್ದಲ್ಲ, ತನ್ನ ಈಗಿನ ರೈಡ್ ಲೀಡರ್‌ನದ್ದು. ಬೇರೆ ಕಡೆ ಅರ್ಜಿ ಹಾಕಿದ್ದು ಗೊತ್ತಾದ ರಾತ್ರಿಯೇ ರೈಡ್ ಪಟ್ಟಿಯಿಂದ ಹೆಸರು ಹೋಗ್ತದೆ, ಇಲ್ಲಿ ಇನ್ನೂ ತಗೊಂಡಿರುವುದಿಲ್ಲ, ಎರಡೂ ಕಡೆ ಇಲ್ಲ. ಸರ್ವರ್ ಸಣ್ಣದು, ಊರು ಅದಕ್ಕಿಂತ ಸಣ್ಣದು. 'ಬಿಡಲು ಕಾರಣ' ತೆಗೆದು 'ಇಲ್ಲಿ ಎಂತ ಹುಡುಕ್ತಿದ್ದೀರಿ' ಅಂತ ಹಾಕಿ. ಬೇಕಾದ ವಿಷಯ ಬರ್ತದೆ, ಇನ್ನೊಬ್ಬರ ಬೈಗುಳ ಬರುವುದಿಲ್ಲ. ಈಗಿನ ಗಿಲ್ಡ್ ಯಾವುದು ಅಂತ ಲಾಗ್ಸ್ ನೋಡಿದರೆ ಹೇಗೂ ಗೊತ್ತಾಗ್ತದೆ.

ಇನ್ನು ಸ್ಕ್ರೀನ್‌ಶಾಟ್. ಹೀಲರ್ (ತಂಡದವರನ್ನು ಗುಣಪಡಿಸುವವರು) ರೈಡ್ ಫ್ರೇಮ್ (ತಂಡದವರ ಸ್ಥಿತಿ ತೋರಿಸುವ ಚೌಕ) ಎಲ್ಲಿಟ್ಟಿದ್ದಾರೆ ಅಂತ ನೋಡಲಿಕ್ಕೆ ಅದು ಬೇಕು, ಒಪ್ತೇನೆ. ಆದರೆ ಒಂದು ಮಾದರಿ ತೆರೆದು ಸರಿಯಾಗಿ ನೋಡಿ. ಎಡಗಡೆ ಕೆಳಗೆ ಚಾಟ್, ಅದರಲ್ಲಿ ಗುಲಾಬಿ ಬಣ್ಣದ ವಿಸ್ಪರ್ (ಖಾಸಗಿ ಸಂದೇಶ). ಗೆಳೆಯರ ಪಟ್ಟಿ ತೆರೆದಿದ್ದರೆ ಬ್ಯಾಟಲ್‌ಟ್ಯಾಗ್ (ಆಟದ ಖಾತೆಯ ಹೆಸರು). ರಿಯಲ್ ಐಡಿಯಲ್ಲಿ ಗೆಳೆಯರಾದವರದ್ದಾದರೆ ನಿಜ ಹೆಸರೇ ಕಾಣ್ತದೆ, ಅಂದರೆ ಅರ್ಜಿದಾರನದ್ದಲ್ಲದೆ ಅರ್ಜಿ ಹಾಕದವರ ಹೆಸರೂ ನಿಮ್ಮ ಸೈಟಿಗೆ ಬಂತು. ವಿಂಡೋ ಮೋಡಿನಲ್ಲಿ ತೆಗೆದಿದ್ದರೆ ಬ್ರೌಸರ್ ಟ್ಯಾಬುಗಳ ತಲೆಬರಹ ಕೂಡ. ನಮೂನೆಯಲ್ಲೇ ಬರೆಯಿರಿ: 'ಚಾಟ್ ಕಿಟಕಿ, ಗೆಳೆಯರ ಪಟ್ಟಿ ಮುಚ್ಚಿ, ಪೂರ್ಣ ಪರದೆಯಲ್ಲಿ ತೆಗೆಯಿರಿ. ಮೊಬೈಲಿನಲ್ಲಿ ಮಾನಿಟರಿನ ಫೋಟೋ ಹೊಡೆಯಬೇಡಿ.' ಲೊಕೇಶನ್ ಆನ್ ಇದ್ದರೆ ಮೊಬೈಲ್ ಫೋಟೋದ ಒಳಗೆ ಮನೆಯ ಅಕ್ಷಾಂಶ ರೇಖಾಂಶ ಕೂತಿರ್ತದೆ.

ಕುಂಬ್ಳೆಕೋಟೆ:

ಸರ್ವರ್‌ಮೂಲೆ ಹೇಳಿದ ಹಾಗೆ ಮಾಡಿದೆ. 'ಸದಸ್ಯರು' ಗುಂಪು ಬಿಟ್ಟೇ ಹೋಗಿತ್ತು, ಸರಿ. ಮನೆ ಹೆಸರು ತೆಗೆದೆ, ಹೀಲರಣ್ಣ.

ಈಗ ಹಳೆಯ ಅರ್ಜಿಗಳ ಪ್ರಶ್ನೆ. ಸುಮಾರು 60 ಉಂಟು, ಕೆಲವು ಗೂಗಲ್ ಹುಡುಕಾಟದಲ್ಲಿ ಬರ್ತವೆ. ಎಲ್ಲವನ್ನೂ ಆಫೀಸರ್‌ಗಳ ವಿಭಾಗಕ್ಕೆ ಮೂವ್ ಮಾಡಿದರೆ ಸಾಕಾ? ಮತ್ತೆ ಈ ತಲೆಬಿಸಿ ಬೇಡ, ಗೂಗಲ್ ಫಾರ್ಮ್ ಮಾಡುವ ಅಂತ ಇಬ್ಬರು ಆಫೀಸರ್‌ಗಳು ಹೇಳ್ತಿದ್ದಾರೆ.

ಸರ್ವರ್‌ಮೂಲೆ:

ಮೂವ್ ಮಾಡುವಾಗ ಒಂದು ಎಚ್ಚರ. 'ರೀಡೈರೆಕ್ಟ್ ಬಿಡಬೇಕಾ' ಅಂತ ಆಯ್ಕೆ ಇರ್ತದೆ. ರೀಡೈರೆಕ್ಟ್ (ಹೊಸ ಜಾಗಕ್ಕೆ ಕರೆದೊಯ್ಯುವ ಕೊಂಡಿ) ಉಳಿಸಿದರೆ ಹಳೆ ಜಾಗದಲ್ಲಿ ಥ್ರೆಡ್ಡಿನ ತಲೆಬರಹ ಹಾಗೆಯೇ ಉಳೀತದೆ. ಒಳಗೆ ಹೋಗಲಿಕ್ಕೆ ಆಗದಿದ್ದರೂ 'ಇಂಥವನ ಅರ್ಜಿ, ಇಂಥ ಗಿಲ್ಡಿನಿಂದ' ಅಂತ ಓದಲಿಕ್ಕೆ ಆಗ್ತದೆ. ಗುಟ್ಟು ಅಷ್ಟರಲ್ಲೇ ಹೋಯಿತು. ರೀಡೈರೆಕ್ಟ್ ಬೇಡ. ಹೊಸ ಅರ್ಜಿಗಳಿಗೂ ತಲೆಬರಹದಲ್ಲಿ ಕ್ಲಾಸ್ ಮತ್ತು ತಿಂಗಳು ಮಾತ್ರ ಇರಲಿ: 'ರೆಸ್ಟೋ ಡ್ರೂಯಿಡ್, ಜೂನ್'. ತಲೆಬರಹ ಹೋಗಿ ಸೇರುವ ಜಾಗಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಆದರೆ ಮೂವ್ ಮಾಡುವುದೇ ಯಾಕೆ? 60ರಲ್ಲಿ ತಿರಸ್ಕರಿಸಿದ್ದು ಎಷ್ಟು, ಬಂದು ಬಿಟ್ಟುಹೋದವರದ್ದು ಎಷ್ಟು? ಅವನ್ನು ಅಳಿಸಿ. ಈಗ ಇರುವವರದ್ದಾದರೆ ಕ್ಯಾರೆಕ್ಟರ್ ಹೆಸರು, ರೋಲ್, ಸೇರಿದ ದಿನ ಇಷ್ಟನ್ನು ಒಂದು ಪಟ್ಟಿಗೆ ಬರೆದಿಟ್ಟು ಮೂಲ ಅರ್ಜಿ ಅಳಿಸಿ. ಮುಂದಕ್ಕೆ ಒಂದು ನಿಯಮ: ಇಲ್ಲ ಅಂದದ್ದು 30 ದಿನಕ್ಕೆ, ಹೌದು ಅಂದದ್ದು ಟ್ರಯಲ್ (ಹೊಸಬರ ಪರೀಕ್ಷೆಯ ಅವಧಿ) ಮುಗಿದ ವಾರಕ್ಕೆ ಹೋಗಬೇಕು. ಇದನ್ನು ನಮೂನೆಯ ಮೇಲೆಯೇ ಬರೆಯಿರಿ. 'ಸಾಫ್ಟ್ ಡಿಲೀಟ್' ಅಂದರೆ ಮರೆಮಾಡಿದ್ದು ಮಾತ್ರ, ಮಾಡರೇಟರ್‌ಗಳಿಗೆ ಇನ್ನೂ ಕಾಣ್ತದೆ. ಪೂರ್ತಿ 'ಡಿಲೀಟ್' ಆಯ್ಕೆಯೇ ಬೇಕು.

ಅಳಿಸುವ ಮೊದಲು ಬ್ಯಾಕಪ್ ತೆಗೆಯುವುದು ಸರಿ, ಅದನ್ನು ಎಲ್ಲಿ ಬಿಡ್ತೀರಿ ಅನ್ನುವುದು ಮುಖ್ಯ. ಮೈಬಿಬಿಯ ಡೇಟಾಬೇಸ್ ಬ್ಯಾಕಪ್ ಅಡ್ಮಿನ್ ಫೋಲ್ಡರಿನ ಒಳಗಿನ 'ಬ್ಯಾಕಪ್ಸ್' ಎಂಬಲ್ಲಿ ಬೀಳ್ತದೆ. ಇಳಿಸಿಕೊಂಡು ಅಲ್ಲಿಂದ ತೆಗೆಯಿರಿ. ಸೈಟನ್ನು ಹೊಸ ಹೋಸ್ಟಿಂಗಿಗೆ ಒಯ್ಯುವಾಗ ಮಾಡಿದ ಜಿಪ್ ಕಡತ ಪಬ್ಲಿಕ್ ಫೋಲ್ಡರಿನಲ್ಲೇ ಬಿದ್ದಿದ್ದರೆ ಅದನ್ನೂ ಹುಡುಕಿ. ಎಲ್ಲ ಬಾಗಿಲಿಗೆ ಬೀಗ ಹಾಕಿ ಇಡೀ ಮನೆಯ ನಕಲನ್ನು ಅಂಗಳದಲ್ಲಿಟ್ಟ ಹಾಗೆ ಅದು.

ಗೂಗಲ್ ಬಗ್ಗೆ. ಪುಟ ಅಳಿಸಿದ ಅಥವಾ ಲಾಗಿನ್ ಹಿಂದೆ ಹಾಕಿದ ಮೇಲೆ ಗೂಗಲಿನ ಸರ್ಚ್ ಕನ್ಸೋಲಿನಲ್ಲಿ (ಸೈಟ್ ನಡೆಸುವವರಿಗೆ ಇರುವ ಪುಟ) ಸೈಟ್ ನಿಮ್ಮದು ಅಂತ ದೃಢೀಕರಿಸಿ, 'ರಿಮೂವಲ್ಸ್' ಒಳಗೆ ಆ ವಿಳಾಸಗಳನ್ನು ಕೊಡಿ. ಫಲಿತಾಂಶದಿಂದ ಬೇಗ ಹೋಗ್ತವೆ, ಆದರೆ ಅದು ಸುಮಾರು 6 ತಿಂಗಳ ತಾತ್ಕಾಲಿಕ ಪರದೆ. ಅಷ್ಟರೊಳಗೆ ಗೂಗಲ್ ಮತ್ತೆ ಬಂದು ಪುಟ ಇಲ್ಲ ಅಂತ ಕಂಡುಕೊಂಡರೆ ಶಾಶ್ವತ. ಇಲ್ಲಿ ಬಹಳ ಜನ ಮಾಡುವ ತಪ್ಪು: ಗಡಿಬಿಡಿಯಲ್ಲಿ ರೋಬೋಟ್ಸ್ ಕಡತದಲ್ಲಿ (ಹುಡುಕಾಟದ ಯಂತ್ರಗಳು ಎಲ್ಲಿಗೆ ಬರಬಾರದು ಅಂತ ಹೇಳುವ ಕಡತ) ಆ ವಿಭಾಗವನ್ನು ತಡೆಯುವುದು. ಆಗ ಗೂಗಲ್‌ಗೆ ಪುಟ ಹೋಗಿದೆ ಅಂತ ನೋಡಲಿಕ್ಕೇ ಆಗುವುದಿಲ್ಲ, ಹಳೆ ವಿಳಾಸ ಪಟ್ಟಿಯಲ್ಲೇ ನೇತಾಡ್ತಾ ಇರ್ತದೆ. ಬಿಂಗ್‌ಗೆ ಬೇರೆ ಕೋರಿಕೆ ಕೊಡಬೇಕು.

ಚಂದ್ರಗಿರಿ_ತೀರ:

ಗೂಗಲ್ ಫಾರ್ಮ್ ಕೆಟ್ಟದ್ದಲ್ಲ. ಅರ್ಜಿದಾರನಿಗೆ ಖಾತೆ ತೆರೆಯುವ ಕೆಲಸ ತಪ್ತದೆ, ಪ್ರಶ್ನೆಯನ್ನು ಕನ್ನಡ ಮಲಯಾಳ ಎರಡರಲ್ಲೂ ಒಂದರ ಕೆಳಗೊಂದು ಹಾಕಬಹುದು. ಆರು ಆಫೀಸರ್‌ಗಳಿಗಾದರೆ ನಾನು ಅದನ್ನೇ ಆರಿಸಿಕೊಳ್ಳುವವ. ಆದರೆ ಅದು ತಾನಾಗಿ ಖಾಸಗಿ ಅಂತ ನಂಬುವುದು ಬೇಡ. ಸೋರುವ ಜಾಗ ಇಷ್ಟು.

ಸೆಟ್ಟಿಂಗ್ಸ್‌ನಲ್ಲಿ 'ವ್ಯೂ ರಿಸಲ್ಟ್ಸ್ ಸಮರಿ' ಎಂಬುದು ಆನ್ ಆಗಿದ್ದರೆ ಫಾರ್ಮ್ ತುಂಬಿದ ಪ್ರತಿಯೊಬ್ಬನಿಗೂ ಉಳಿದವರ ಉತ್ತರಗಳ ಸಾರಾಂಶ ಕಾಣ್ತದೆ, ಬರೆದ ಉತ್ತರಗಳೂ ಸೇರಿ. ಸಮೀಕ್ಷೆಗೆ ಚಂದ, ಅರ್ಜಿಗೆ ಅನಾಹುತ. ಆಫ್ ಉಂಟಾ ನೋಡಿ.

ಎರಡನೆಯದ್ದು, ಫಾರ್ಮಿನ ಅನುಮತಿ ಬೇರೆ, ಅದಕ್ಕೆ ಜೋಡಿಸಿದ ಶೀಟಿನ ಅನುಮತಿ ಬೇರೆ. ಆಫೀಸರ್‌ಗಳಿಗೆ ತೋರಿಸಲಿಕ್ಕೆ ಶೀಟನ್ನು 'ಲಿಂಕ್ ಇದ್ದವರೆಲ್ಲ ನೋಡಬಹುದು' ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದು ನಮ್ಮ ಕಡೆ ಮಾಮೂಲು. ಆ ಗುಂಪಿನಿಂದ ಒಬ್ಬ ಹೊರಗೆ ಹೋದರೂ ಲಿಂಕ್ ಅವನ ಫೋನಿನಲ್ಲೇ ಇರ್ತದೆ. ಆರು ಜನರ ಇಮೇಲನ್ನು ಒಂದೊಂದಾಗಿ ಸೇರಿಸಿ, ಸಾಮಾನ್ಯ ಪ್ರವೇಶ 'ರಿಸ್ಟ್ರಿಕ್ಟೆಡ್' ಇರಲಿ. ಪ್ರಶ್ನೆ ತಿದ್ದಲು ಸಹಾಯ ಮಾಡಲಿ ಅಂತ ಒಬ್ಬ ಸದಸ್ಯನನ್ನು ಫಾರ್ಮಿಗೆ ಎಡಿಟರ್ ಮಾಡಿದರೆ ಅವನಿಗೆ ಉತ್ತರಗಳೂ ಕಾಣ್ತವೆ, ನೆನಪಿರಲಿ.

ಅಳಿಸುವಾಗ ಎರಡು ಕಡೆ ಅಳಿಸಬೇಕು. ಫಾರ್ಮಿನಲ್ಲಿ ಉತ್ತರ ತೆಗೆದರೆ ಶೀಟಿನ ಸಾಲು ಹೋಗುವುದಿಲ್ಲ, ಶೀಟಿನ ಸಾಲು ತೆಗೆದರೆ ಫಾರ್ಮಿನದ್ದು ಹೋಗುವುದಿಲ್ಲ. ಶೀಟಿನಲ್ಲಿ ತೆಗೆದದ್ದು ವರ್ಶನ್ ಹಿಸ್ಟರಿಯಲ್ಲಿ ಎಡಿಟರ್‌ಗಳಿಗೆ ಮತ್ತೆ ಸಿಗ್ತದೆ. ಹಾಗಾಗಿ ಶೀಟೇ ಜೋಡಿಸದೆ ಫಾರ್ಮಿನ 'ಇಂಡಿವಿಜುವಲ್' ನೋಟದಲ್ಲೇ ಓದಿ. ಆರು ಜನಕ್ಕೆ ಶೀಟಿನ ಅಗತ್ಯ ಇಲ್ಲ.

ಡಿಸ್ಕಾರ್ಡ್ ಚಾನೆಲಿನ ವಿಷಯವನ್ನು ಯಾರೂ ಎತ್ತಲಿಲ್ಲ. ಅರ್ಜಿ ಬಂದ ಕೂಡಲೆ ವೆಬ್‌ಹುಕ್ (ತಾನಾಗಿ ಸುದ್ದಿ ಕಳಿಸುವ ಕೊಂಡಿ) ಮೂಲಕ ಚಾನೆಲಿಗೆ ಸುದ್ದಿ ಬರುವ ಹಾಗೆ ಮಾಡಿದ್ದರೆ ಆ ಚಾನೆಲಿನ ಅನುಮತಿ ನೋಡಿ: 'ಎವ್ರಿವನ್' ಪಾತ್ರಕ್ಕೆ 'ವ್ಯೂ ಚಾನೆಲ್' ಇಲ್ಲ, ಆಫೀಸರ್ ಪಾತ್ರಕ್ಕೆ ಉಂಟು, ಹೀಗಿರಬೇಕು. 'ಅಡ್ಮಿನಿಸ್ಟ್ರೇಟರ್' ಅಧಿಕಾರ ಇರುವ ಯಾವ ಪಾತ್ರಕ್ಕೂ ಈ ತಡೆ ತಾಗುವುದಿಲ್ಲ. ಯಾವುದೋ ಕಾಲದಲ್ಲಿ ಮ್ಯೂಸಿಕ್ ಬಾಟ್ ಹಾಕಿದವನಿಗೆ ಕೊಟ್ಟ ಅಡ್ಮಿನ್ ಪಾತ್ರ ಇನ್ನೂ ಉಂಟಾ ಅಂತ ಪಟ್ಟಿ ತೆಗೆದು ನೋಡಿ. ಆ ಬಾಟಿಗೂ ಅದೇ ಅಧಿಕಾರ ಕೊಟ್ಟಿರ್ತಾರೆ. ವೆಬ್‌ಹುಕ್‌ನಲ್ಲಿ ಪೂರ್ತಿ ಅರ್ಜಿ ಕಳಿಸಬೇಡಿ, 'ಹೊಸ ಅರ್ಜಿ ಬಂದಿದೆ' ಮತ್ತು ಲಿಂಕ್ ಸಾಕು. ಇಲ್ಲದಿದ್ದರೆ 30 ದಿನಕ್ಕೆ ಅಳಿಸಲಿಕ್ಕೆ ಇನ್ನೊಂದು ಜಾಗ ಆಯಿತು.

ಪಿಎಚ್‌ಪಿಬಿಬಿ ಎಂಬ ಇನ್ನೊಂದು ಫೋರಮ್ ತಂತ್ರಾಂಶದಲ್ಲಿ ಇದನ್ನೇ ಮಾಡುವವರು ಓದ್ತಿದ್ದರೆ: ಅಲ್ಲಿ ಲೆಕ್ಕ ತಿರುಗಾಮುರುಗ. 'ಯೆಸ್', 'ನೋ', 'ನೆವರ್' ಅಂತ ಮೂರು ಉಂಟು, ಒಂದು ಗುಂಪಿನಲ್ಲಿ 'ನೆವರ್' ಇದ್ದರೆ ಬೇರೆ ಯಾವ ಗುಂಪಿನ 'ಯೆಸ್' ಕೂಡ ನಡೆಯುವುದಿಲ್ಲ. 'ರಿಜಿಸ್ಟರ್ಡ್ ಯೂಸರ್ಸ್'ಗೆ 'ನೆವರ್' ಹಾಕಿದರೆ ಆಫೀಸರ್‌ಗಳೂ ಹೊರಗೆ, ಯಾಕಂದ್ರೆ ಅವರೂ ಆ ಗುಂಪಿನವರೇ. 'ನೋ' ಹಾಕಿ. ಝೆನ್‌ಫೋರೋ ಎಂಬ ಮತ್ತೊಂದರಲ್ಲಾದರೆ 'ವ್ಯೂ ಥ್ರೆಡ್ಸ್ ಬೈ ಅದರ್ಸ್' ಅನ್ನುವ ಒಂದೇ ಅನುಮತಿ ತೆಗೆದರೆ ಕೆಲಸ ಮುಗೀತು.

ಪೆರ್ಲದ_ಹೀಲರ್:

ಒಂದು ಬಿಟ್ಟುಹೋಗಿತ್ತು. ಆಫೀಸರ್‌ಗಳ ಚರ್ಚೆ, ಮತ ಎಲ್ಲ ಅರ್ಜಿಯ ಥ್ರೆಡ್ಡಿನಲ್ಲೇ ಮಾಡಬೇಡಿ, ಬೇರೆ ವಿಭಾಗದಲ್ಲಿ ಮಾಡಿ. ಆ ಥ್ರೆಡ್ ಅರ್ಜಿದಾರನಿಗೂ ಕಾಣ್ತದೆ ಅನ್ನುವುದು ಎರಡನೇ ದಿನ ಮರೆತುಹೋಗ್ತದೆ. ಬೇರೆ ವಿಭಾಗದಲ್ಲಿ ಬರೆಯುವಾಗಲೂ ಕೈ ಬಿಗಿ ಹಿಡಿಯಿರಿ. ಇವತ್ತು 'ಇವನ ಹೀಲಿಂಗ್ ನೋಡಿದರೆ ನಿದ್ದೆ ಬರ್ತದೆ' ಅಂತ ಬರೆದದ್ದನ್ನು, ವರ್ಷ ಕಳೆದು ಆಫೀಸರ್ ಆದ ಅದೇ ಮನುಷ್ಯ ಹಳೆ ಪುಟ ತಿರುವಿ ಓದ್ತಾನೆ. ಅರ್ಜಿ ಅಳಿಸುವ ದಿನವೇ ಆ ಚರ್ಚೆಯೂ ಹೋಗಬೇಕು.

ಕುಂಬ್ಳೆಕೋಟೆ:

ಫಾರ್ಮ್ ಬೇಡ ಅಂತ ತೀರ್ಮಾನ ಆಯ್ತು, ಮೈಬಿಬಿಯಲ್ಲೇ ಇರಲಿ. 60ರಲ್ಲಿ 43 ಅಳಿಸಿದೆ. ಎರಡು ಸುಳ್ಳು ಖಾತೆಯಲ್ಲಿ ನೋಡಿದರೆ ನೇರ ವಿಳಾಸ ತೆರೆಯುವುದಿಲ್ಲ, ಸರಿ. ಆದರೆ ಮುಖಪುಟದ ಬಲಗಡೆ 'ಇತ್ತೀಚಿನ ಪೋಸ್ಟ್‌ಗಳು' ಪೆಟ್ಟಿಗೆಯಲ್ಲಿ ಅರ್ಜಿಯ ತಲೆಬರಹ ಅತಿಥಿಗೂ ಕಾಣ್ತಾ ಉಂಟು. ಒತ್ತಿದರೆ ಅನುಮತಿ ಇಲ್ಲ ಅಂತ ಬರ್ತದೆ.

ಸರ್ವರ್‌ಮೂಲೆ:

ಆ ಪೆಟ್ಟಿಗೆ ಮೈಬಿಬಿಯದ್ದಲ್ಲ, ಯಾವುದೋ ಪ್ಲಗಿನಿನದ್ದು. ಅನುಮತಿ ಕೇಳದೆ ನೇರ ಡೇಟಾಬೇಸಿನಿಂದ ತಲೆಬರಹ ಎತ್ತುವ ಪ್ಲಗಿನ್‌ಗಳು ಬೇಕಾದಷ್ಟು ಉಂಟು. ಅದರ ಸೆಟ್ಟಿಂಗಿನಲ್ಲಿ 'ಬಿಡಬೇಕಾದ ಫೋರಮ್‌ಗಳು' ಅಂತ ಒಂದು ಖಾನೆ ಇದ್ದರೆ ಅರ್ಜಿ ವಿಭಾಗದ ಸಂಖ್ಯೆ ಹಾಕಿ, ಆಫೀಸರ್ ಚರ್ಚೆಯ ವಿಭಾಗದ್ದನ್ನೂ ಹಾಕಿ. ವಿಭಾಗ ತೆರೆದಾಗ ವಿಳಾಸದಲ್ಲಿ 'ಎಫ್‌ಐಡಿ' ಆದ ಮೇಲೆ ಬರುವ ಅಂಕೆಯೇ ಆ ಸಂಖ್ಯೆ. ಖಾನೆ ಇಲ್ಲದಿದ್ದರೆ ಪ್ಲಗಿನ್ ತೆಗೆಯಿರಿ. ಆಮೇಲೆ ಆ ಅತಿಥಿ ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆದು ನೋಡಿ, ಕೆಲವು ಪ್ಲಗಿನ್ ಹಳೆ ಪಟ್ಟಿಯನ್ನು ಕ್ಯಾಶಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ತವೆ. ಅಡ್ಮಿನ್ ಸಿಪಿಯ ಕ್ಯಾಶ್ ಮ್ಯಾನೇಜರಿನಲ್ಲಿ ಆ ಪ್ಲಗಿನಿನ ಹೆಸರು ಕಂಡರೆ ಅಲ್ಲಿಂದಲೇ ರಿಲೋಡ್ ಮಾಡಲು ನೋಡಿ.

ಹಾಗೆಯೇ ಅಡ್ಮಿನ್ ಸಿಪಿಗೆ ಎರಡು ಹಂತದ ದೃಢೀಕರಣ ಉಂಟು, ನಿಮ್ಮ ಖಾತೆಯ ಪ್ರಿಫರೆನ್ಸಿನಲ್ಲಿ ಆನ್ ಮಾಡಿ. ಇಷ್ಟೆಲ್ಲ ಮುಚ್ಚಿದ ಮೇಲೆ ಉಳಿದ ಬಾಗಿಲು ಅದೊಂದೇ, ಅದರ ಪಾಸ್‌ವರ್ಡ್ ಆರು ಜನಕ್ಕೂ ಗೊತ್ತಿದ್ದರೆ ಇವತ್ತೇ ಬದಲಾಯಿಸಿ.

ಕುಂಬ್ಳೆಕೋಟೆ:

ಪ್ಲಗಿನ್ನಿನದ್ದೇ. ಖಾನೆ ಇತ್ತು, 7 ಮತ್ತು 12 ಹಾಕಿದೆ, ಹೋಯ್ತು. ಪಾಸ್‌ವರ್ಡ್ ನಾಲ್ಕು ಜನಕ್ಕೆ ಗೊತ್ತಿತ್ತು, ಬದಲಾಯಿಸಿದೆ.